ಕತ್ತಿನವರೆಗಿನ ಅಳತೆ

ಟೈಲರಮ್ಮನ ಮನೆಯಲ್ಲಿ ಜಗಳ ಹುಟ್ಟುತ್ತಿದ್ದದ್ದು ಊಟದ ತಟ್ಟೆಯ ಮುಂದೆಯೇ. ಬೇರೆ ಹೊತ್ತಿನಲ್ಲಿ ನಾಲ್ಕು ಜನ ಒಟ್ಟಿಗೆ ಸಿಗುತ್ತಿರಲಿಲ್ಲ. ಜಗಳಕ್ಕೂ ಪುರುಸೊತ್ತು ಬೇಕಲ್ಲ.

"ಅನ್ನ ಆರಿ ಕಲ್ಲಾಯ್ತು. ಬರ್ತೀಯೋ, ಇಲ್ಲ ಆ ಗೋಡೆನೇ ನೆಕ್ಕಿ ಹೊಟ್ಟೆ ತುಂಬಿಸ್ಕೋತೀಯೋ?"

"ಬಂದೆ ಅಮ್ಮಾ. ಇದೊಂದು ಕೈ ಮುಗಿಸಿ ಬಂದೆ."

"ಯಾರ ಕೈಯೇ?"

"ಚಿಕ್ಕಪ್ಪಂದು."

"ನನ್ನ ಕೈ ಇಲ್ಲೇ ಇದೆಯಲ್ಲ ಅತ್ತಿಗೆ, ಊಟ ಮಾಡ್ತಾ ಇದೆ" ಎಂದ ಚಿಕ್ಕಪ್ಪ, ಬಾಯಿ ತುಂಬ ಅನ್ನ ಇಟ್ಟುಕೊಂಡು. ಅವನು ಬಸ್ ಡ್ರೈವರ್. ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಬಂದು, ತಿಂದು, ಮತ್ತೆ ಓಡಬೇಕಾದವನು.

ಚುಕ್ಕಿ ಇದ್ದಿಲ ಪುಡಿ ಮೆತ್ತಿದ ಕೈಯನ್ನು ತೊಳೆದಂತೆ ಮಾಡಿ ಬಂದು ಕೂತಳು. ಚಿಕ್ಕವಳಿದ್ದಾಗ ಸಿಕ್ಕಸಿಕ್ಕ ಗೋಡೆಗೆಲ್ಲ ಚುಕ್ಕಿ ಇಡುತ್ತಿದ್ದಳೆಂದು ಅವಳಪ್ಪ ಇಟ್ಟ ಅಡ್ಡಹೆಸರು. ಹುಡುಗಿ ಬೆಳೆದಳು, ಚುಕ್ಕಿಯೂ ಬೆಳೆಯಿತು, ಅಷ್ಟೇ ವ್ಯತ್ಯಾಸ.

"ಕ್ಲಾಸಿನ ಪಾಠ ಎಲ್ಲಿಗೆ ಬಂತು?"

"ನಡೀತಿದೆ."

"ನಡೀತಿದೆಯೋ ಕುಂಟ್ತಿದೆಯೋ? ನಿನ್ನೆ ನಿಮ್ಮ ಮೇಷ್ಟ್ರು ಪ್ಯಾಂಟು ಕೊಡೋಕೆ ಬಂದಿದ್ರು. ಎಲ್ಲರೂ ಕೊನೇ ಕೆಲಸ ಶುರು ಮಾಡಿದಾರೆ, ನಿಮ್ಮ ಮಗಳು ಇನ್ನೂ ಕಿಟಕಿ ನೋಡ್ತಾ ಕೂತಿರ್ತಾಳೆ ಅಂದ್ರು. ನನ್ನ ಮುಖಕ್ಕೆ ಯಾರೋ ಸಗಣಿ ನೀರು ಎರಚಿದ ಹಾಗಾಯ್ತು."

"ಅದೇನು ಕಲೀತಾಳಮ್ಮ ಅವಳು?" ಎಂದು ಅಜ್ಜ ಕೇಳಿದ. ದಿನಕ್ಕೊಂದು ಸಲ ಕೇಳುತ್ತಿದ್ದ.

"ವೆಬ್ ಡಿಸೈನು, ಮಾವ. ಕಂಪ್ಯೂಟರ್ ಒಳಗೆ ಅಂಗಡಿ ಬೋರ್ಡು ಬರೆಯೋ ಕೆಲಸ ಅಂದ್ಕೊಳ್ಳಿ."

"ಬೋರ್ಡಾ? ಅದನ್ನ ಅವನೇ ಎಷ್ಟು ಚೆಂದ..."

ಅಜ್ಜ ಅಲ್ಲಿಗೆ ನಿಲ್ಲಿಸಿದ. ಚಿಕ್ಕಪ್ಪ ನೀರಿನ ಲೋಟ ಎತ್ತಿದ. ಚುಕ್ಕಿ ತಟ್ಟೆ ನೋಡಿದಳು. ಆ ಮನೆಯಲ್ಲಿ "ಅವನು" ಎಂಬ ಮಾತು ಬಂದರೆ ಆಮೇಲಿನದನ್ನು ಎಲ್ಲರೂ ನುಂಗಿಕೊಳ್ಳಬೇಕಿತ್ತು.

ಅವನು ಎಂದರೆ ಟೈಲರಮ್ಮನ ಗಂಡ. ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದವನು, ಅಂಗಡಿ ಬೋರ್ಡುಗಳನ್ನೂ ಬರೆಯುತ್ತಿದ್ದವನು. ಎರಡು ವರ್ಷದ ಹಿಂದೆ ಕಟ್ಟಡವೊಂದರ ಸಾರುವೆಯಿಂದ ಬಿದ್ದು ಸತ್ತ. ತಿಂಗಳು ಕಳೆಯುವುದರೊಳಗೆ ಟೈಲರಮ್ಮ ಅವನ ಅಂಗಿಗಳನ್ನು ಯಾರ್ಯಾರಿಗೋ ಕೊಟ್ಟಳು, ಬ್ರಷ್ಷು ಡಬ್ಬಿಗಳನ್ನು ಅಟ್ಟಕ್ಕೆ ಏರಿಸಿದಳು, ಫೋಟೋ ಟ್ರಂಕಿನ ತಳ ಸೇರಿತು. ಅವಳದು ಕಲ್ಲೆದೆ ಎಂದು ಬೀದಿಯವರು ಅಂದರು. ಅನ್ನಲಿ. ಅವಳೂ ಅಳುತ್ತ ಕೂತಿದ್ದರೆ ಮಿಷನ್ನು ತುಳಿಯುವವರು ಯಾರು? ಬಾಯಿಗೆ ಬೀಗ ಹಾಕಿದ್ದಕ್ಕೇ ಮನೆ ನಿಂತಿತು ಎಂಬುದು ಅವಳ ಲೆಕ್ಕ.

ಈಗ ಮೈದುನನಿಗೆ ಹೆಣ್ಣು ನಿಶ್ಚಯವಾಗಿತ್ತು. ಅವನು ಬೇರೆ ಮನೆ ಮಾಡುವುದರೊಳಗೆ ಚುಕ್ಕಿ ತನ್ನ ಕಾಲ ಮೇಲೆ ನಿಲ್ಲಬೇಕು. ಕ್ಲಾಸಿಗೆ ಫೀಸು ಕಟ್ಟಿ ಹಳೇ ಕಂಪ್ಯೂಟರೊಂದನ್ನು ಹೊತ್ತು ತಂದವನು ಅವನೇ. ಯಾರು ಕೊನೆಯ ಕೆಲಸ ಚೆನ್ನಾಗಿ ಮಾಡುತ್ತಾರೋ ಅವರಿಗೆ ತಮ್ಮ ಆಫೀಸಿನಲ್ಲೇ ಒಂದು ಕುರ್ಚಿ ಎಂದು ಮೇಷ್ಟ್ರು ಹೇಳಿದ್ದರು. ಟೈಲರಮ್ಮನ ಕಣ್ಣಿಗೆ ಆ ಕುರ್ಚಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮಗಳ ಕಣ್ಣಿಗೆ ಕಾಣುತ್ತಿದ್ದದ್ದು ಗೋಡೆ.

ಅದು ಚುಕ್ಕಿಯದೇ ಒಂದು ಹುಚ್ಚು. ಸಂಜೆ ಬಿಸಿಲು ಕಿಟಕಿಯಿಂದ ನೇರ ಒಳಗೆ ಬಂದು ಎದುರು ಗೋಡೆಗೆ ಬೀಳುತ್ತಿತ್ತು. ಆಗ ಮನೆಯವರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ಗೋಡೆಗೆ ಖಾಕಿ ಕಾಗದ ಅಂಟಿಸಿ, ನೆರಳಿನ ಅಂಚನ್ನು ಪೆನ್ಸಿಲಿನಲ್ಲಿ ಎಳೆಯುವಳು. ಆಮೇಲೆ ಆ ಗೆರೆಯುದ್ದಕ್ಕೂ ಸೂಜಿ ಚುಚ್ಚಿ, ಕಾಗದವನ್ನು ಮತ್ತೆ ಗೋಡೆಗಿಟ್ಟು, ಇದ್ದಿಲ ಪುಡಿಯ ಗಂಟಿನಿಂದ ತಟ್ಟುವಳು. ಕಾಗದ ತೆಗೆದರೆ ಗೋಡೆಯ ಮೇಲೆ ಚುಕ್ಕಿಚುಕ್ಕಿಯಾಗಿ ಆಳುದ್ದದ ಮನುಷ್ಯ. ಕಣ್ಣಿಲ್ಲ, ಮೂಗಿಲ್ಲ. ಗಿರಾಕಿಗಳ ಬೆಡ್‌ಶೀಟಿನ ಮೇಲೆ ಕಸೂತಿಗೆ ಹೂವು ಇಳಿಸಲು ಟೈಲರಮ್ಮ ಮಾಡುತ್ತಿದ್ದ ಕೆಲಸವೇ ಇದು. ಅವಳು ಪುಡಿಯ ಬದಲು ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಹಚ್ಚುತ್ತಿದ್ದಳು, ಅಷ್ಟೇ. ಕದ್ದದ್ದು ತನ್ನ ವಿದ್ಯೆಯನ್ನೇ ಆದ್ದರಿಂದ ಅವಳಿಗೆ ಮಗಳನ್ನು ಸರಿಯಾಗಿ ಬೈಯಲೂ ಆಗುತ್ತಿರಲಿಲ್ಲ.

ಮೊದಲು ಅಜ್ಜ, ಕೋಲು ಹಿಡಿದು. ಆಮೇಲೆ ಮಿಷನ್ನಿನ ಮುಂದೆ ಬಗ್ಗಿದ ಅಮ್ಮ. ಆಮೇಲೆ ಚಿಕ್ಕಪ್ಪ.

ಒಂದು ಮಧ್ಯಾಹ್ನ ಟೈಲರಮ್ಮ ಹೊಲಿದ ಬಟ್ಟೆಗಳನ್ನು ಮನೆಮನೆಗೆ ಕೊಟ್ಟು, ತರಕಾರಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಚುಕ್ಕಿ ಕ್ಲಾಸಿಗೆ ಹೋಗಿದ್ದಳು. ಅಜ್ಜ ಒಳಗೆ ಗೊರಕೆ ಹೊಡೆಯುತ್ತಿದ್ದ. ಚೀಲ ಕೆಳಗಿಟ್ಟು ತಲೆ ಎತ್ತಿದರೆ, ಗೋಡೆಯ ಮೇಲೆ ಇನ್ನೊಬ್ಬ ನಿಂತಿದ್ದ.

ಇವನನ್ನು ಇದ್ದಿಲಿನಲ್ಲಿ ತಟ್ಟಿರಲಿಲ್ಲ, ನೀಲಿಯಲ್ಲಿ ತಟ್ಟಿತ್ತು. ಕೋಣೆಯೆಲ್ಲ ಸೀಮೆಎಣ್ಣೆ ವಾಸನೆ. ಎಡಗೈ ಜೋತುಬಿದ್ದಿತ್ತು. ಬಲಭುಜ ಎಡಕ್ಕಿಂತ ತುಸು ಇಳಿದಿತ್ತು. ತಲೆ ಒಂದು ಪಕ್ಕಕ್ಕೆ ವಾಲಿತ್ತು.

ಟೈಲರಮ್ಮ ಗೋಡೆಯ ಹತ್ತಿರ ಹೋದಳು. ಏಣಿ ಹೊತ್ತು ಹೊತ್ತು ಇಳಿದುಹೋದ ಆ ಭುಜಕ್ಕೆ ಮದುವೆಯಾದ ಲಾಗಾಯ್ತು ಅಂಗಿ ಕತ್ತರಿಸಿದವಳು ಅವಳು. ಬಲಕ್ಕೆ ಅರ್ಧ ಬೆರಳು ಇಳಿಸಿ ಹೊಲಿಯಬೇಕೆಂಬುದು ಅವಳ ಕತ್ತರಿಗೆ ಮಾತ್ರ ಗೊತ್ತಿತ್ತು. ಆ ತಲೆಯೂ ಅಷ್ಟೇ. ಬಣ್ಣ ಬಳಿದಾದ ಮೇಲೆ ಅವನು ದೂರ ನಿಂತು ಹೀಗೇ ತಲೆ ವಾಲಿಸಿ ಗೋಡೆ ನೋಡುತ್ತಿದ್ದ. ಕೆಲಸ ಮನಸ್ಸಿಗೆ ಬಂದರೆ ತಲೆ ನೆಟ್ಟಗಾಗುತ್ತಿತ್ತು, ಇಲ್ಲದಿದ್ದರೆ ಮತ್ತೆ ಬ್ರಷ್ಷು ಎತ್ತುತ್ತಿದ್ದ.

ನಿಲ್ಲದವನ ನೆರಳನ್ನು ಈ ಹುಡುಗಿ ಎಲ್ಲಿಂದ ಎಳೆದಳು?

ಕೇಳಬಹುದಿತ್ತು. ಕೇಳಿದರೆ "ಅವನ" ಮಾತು ಬರುತ್ತದೆ. ಸಂಜೆ ಚುಕ್ಕಿ ಬಂದಾಗ ಟೈಲರಮ್ಮ ಗೋಡೆಗೆ ಬೆನ್ನು ಹಾಕಿ ಮಿಷನ್ನು ತುಳಿಯುತ್ತಿದ್ದಳು. ಚುಕ್ಕಿ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಳು. ಗೋಡೆ ನೋಡಿದಳು, ಅಮ್ಮನ ಬೆನ್ನು ನೋಡಿದಳು. ಬಂದು ಅಮ್ಮನಿಗೆ ಚಹಾ ಮಾಡಿಕೊಟ್ಟಳು. ಹಾಗೆಲ್ಲ ಕೇಳದೆ ಚಹಾ ಮಾಡುವವಳಲ್ಲ ಅವಳು.

ಅಲ್ಲಿಂದ ಮನೆಯ ನಡೆ ಬದಲಾಯಿತು. ಅಜ್ಜ ತನ್ನ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಕೊಂಡ. "ಬಿಸಿಲು ಜಾಸ್ತಿ ಕಣೋ, ಟೋಪಿ ಹಾಕ್ಕೊಂಡು ಹೋಗು" ಎಂದು ಒಂದು ಬೆಳಿಗ್ಗೆ ಅಂದದ್ದು ಟೈಲರಮ್ಮನ ಕಿವಿಗೆ ಬಿತ್ತು.

"ಯಾರ ಜೊತೆ ಮಾವ ಮಾತು?"

"ನೊಣ ಓಡಿಸ್ತಿದ್ದೆ."

ಚಿಕ್ಕಪ್ಪ ಆ ಗೋಡೆಗೆ ಒರಗಿ ಕೂರುವುದನ್ನು ಬಿಟ್ಟ. ಎಷ್ಟೋ ಸಲ ಡಿಪೋದಲ್ಲೇ ಊಟ ಮುಗಿಸಿಕೊಂಡು ಬಂದ. "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಅಲ್ಲಿ ಕೂತ್ರೆ ಹಿಂದಿನ ಸೀಟಿಂದ ಯಾರೋ ಬೆನ್ನನ್ನೇ ನೋಡ್ತಿರೋ ಹಾಗಾಗುತ್ತೆ. ಬಸ್ಸಲ್ಲಾದ್ರೆ ಕನ್ನಡಿ ಇರುತ್ತೆ."

ಟೈಲರಮ್ಮ ನಕ್ಕಳು. ನಕ್ಕ ಮರುದಿನವೇ ತಟ್ಟೆ ಹಾಕುವಾಗ ಒಂದು ಹೆಚ್ಚಿಗೆ ಹಾಕಿದಳು. ಅವಳೇ ಅದನ್ನು ತೆಗೆದು, ತೊಳೆದಿದ್ದನ್ನೇ ಮತ್ತೆ ತೊಳೆದಿಟ್ಟಳು. ಅವತ್ತು ಸಿಟ್ಟು ನೆತ್ತಿಗೇರಿತು.

"ಇವತ್ತೇ ತೀರ್ಮಾನ ಆಗಲಿ. ಕ್ಲಾಸೋ, ಗೋಡೆಯೋ?"

"ಎರಡೂ ಮಾಡ್ತೀನಮ್ಮ."

"ಎರಡೂ ಮಾಡೋ ಮುಖ ನೋಡು! ಹಗಲು ಕ್ಲಾಸಲ್ಲಿ ನಿದ್ದೆ, ಸಂಜೆ ಗೋಡೆ ಮುಂದೆ ಧ್ಯಾನ. ಮೇಷ್ಟ್ರು ಕೊಟ್ಟ ಕೆಲಸ ಎಲ್ಲಿ?"

"ಮಾಡ್ತಿದೀನಿ. ಒಂದು ಕಸುಬಿಗೆ ಸೈಟ್ ಮಾಡಿ ಅಂದಿದಾರೆ. ನಿನ್ನ ಹೊಲಿಗೆ ಮೇಲೇ ಮಾಡ್ತಿದೀನಿ. ಈ ಗೋಡೆನೇ ಅದರ ಮಧ್ಯದ ಚಿತ್ರ. ಇನ್ನೊಂದು ವಾರ ಬಿಡು, ಫೋಟೋ ತಗೊಂಡು ಮುಗಿಸ್ತೀನಿ."

"ಹೊಲಿಗೆಗೂ ಈ ಭೂತಗಳಿಗೂ ಏನೇ ಸಂಬಂಧ? ಬ್ಲೌಸಿನ ಫೋಟೋ ಹಾಕು! ಇದನ್ನ ಮುಚ್ಚಿಹಾಕು, ಅಷ್ಟೇ."

ಚುಕ್ಕಿ ಕಂಪ್ಯೂಟರಿನ ಕಡೆ ಕೈ ತೋರಿಸಿದಳು. "ಪೇಜಲ್ಲಿ ಏನನ್ನಾದರೂ ಕಾಣದ ಹಾಗೆ ಮಾಡೋಕೆ ಎರಡು ದಾರಿ ಇದೆಯಮ್ಮ. ಒಂದ್ರಲ್ಲಿ ಅದು ಪೂರ್ತಿ ಹೋಗುತ್ತೆ, ಪಕ್ಕದ್ದು ಸರಿದು ಆ ಜಾಗ ತುಂಬ್ಕೊಳುತ್ತೆ. ಇನ್ನೊಂದ್ರಲ್ಲಿ ಕಣ್ಣಿಗೆ ಕಾಣಲ್ಲ, ಆದ್ರೆ ಅದರ ಜಾಗ ಹಾಗೇ ಇರುತ್ತೆ. ಯಾವುದೂ ಅಲ್ಲಿಗೆ ಬರಕ್ಕಾಗಲ್ಲ. ನಮ್ಮನೇಲಿ ನೀನು ಮಾಡಿದ್ದು ಎರಡನೇದು."

ಟೈಲರಮ್ಮನ ಕೈಯಲ್ಲಿ ಸೌಟಿತ್ತು. ಅದನ್ನು ಎಸೆಯದೆ ಪಾತ್ರೆಯೊಳಗೆ ಇಟ್ಟದ್ದೇ ದೊಡ್ಡದು.

ಮಾರನೆಯ ದಿನ ಮಗಳು ಕ್ಲಾಸಿಗೆ ಹೋಗುತ್ತಲೇ ಅವಳು ಸ್ಟೂಲು ಹಾಕಿಕೊಂಡು ಅಟ್ಟದಿಂದ ಗಂಡನ ಡಬ್ಬಿ ಇಳಿಸಿದಳು. ಅರ್ಧ ಉಳಿದಿದ್ದ ಬಿಳಿ ಡಿಸ್ಟೆಂಪರಿಗೆ ನೀರು ಸುರಿದು ಕಲಕಿ, ಅವನ ಅಗಲ ಬ್ರಷ್ಷಿನಿಂದಲೇ ಗೋಡೆ ಬಳಿದಳು. ಅಜ್ಜ ಕುರ್ಚಿಯಿಂದ ಏಳಲಿಲ್ಲ. "ನೀಲಿಗೆ ಮೊದಲು ವಾರ್ನಿಷ್ ಕುಡಿಸಬೇಕಮ್ಮ, ಆಮೇಲೆ ಬಿಳಿ. ಅವನು ಹಾಗೇ ಮಾಡ್ತಿದ್ದ."

"ನೀವು ಸುಮ್ನಿರಿ ಮಾವ."

ಅಜ್ಜ ಹೇಳಿದ್ದು ಸರಿಯಾಗಿತ್ತು. ಎಣ್ಣೆಯ ಕಲೆಯ ಮೇಲೆ ನೀರಿನ ಬಣ್ಣ ನಿಲ್ಲುವುದಿಲ್ಲವೆಂದು ಪೇಂಟರನ ಮನೆಯಲ್ಲಿ ಬೆಕ್ಕಿಗೂ ಗೊತ್ತಿರುತ್ತದೆ. ಇಷ್ಟು ವರ್ಷ ಕೇಳಿಸಿಕೊಂಡ ಟೈಲರಮ್ಮನಿಗೆ ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ. ಸಿಟ್ಟಿಗೆ ಕಿವಿ ಎಲ್ಲಿರುತ್ತದೆ? ಇದ್ದಿಲಿನ ಮೂವರೂ ಬ್ರಷ್ಷಿನ ಒಂದೊಂದು ಎಳೆತಕ್ಕೆ ಕರಗಿಹೋದರು. ಕೊನೆಗೆ ನೀಲಿಯವನೂ ಮುಚ್ಚಿದ. ಗೋಡೆ ಹಾಲಿನ ಹಾಗಾಯಿತು.

ಚುಕ್ಕಿ ಬಂದು ನೋಡಿದಳು. ಕಿರುಚಾಡುತ್ತಾಳೆಂದು ಟೈಲರಮ್ಮ ಸೊಂಟ ಕಟ್ಟಿ ನಿಂತಿದ್ದಳು. ಹುಡುಗಿ ಚೀಲ ಇಟ್ಟು ಕಂಪ್ಯೂಟರ್ ಮುಂದೆ ಹೋಗಿ ಕೂತಳು.

ಆಮೇಲೆ ಅವಳು ಅಲ್ಲಿಂದ ಏಳಲೇ ಇಲ್ಲ ಎನ್ನಬೇಕು. ಕರೆದರೆ ಬಂದಳು, ಬಡಿಸಿದ್ದು ತಿಂದಳು, ಪಾತ್ರೆ ತಿಕ್ಕಿದಳು, ಮತ್ತೆ ಹೋಗಿ ಕೂತಳು. ಗೋಡೆಯ ಕಡೆ ಕಣ್ಣೆತ್ತಲಿಲ್ಲ. ಟೈಲರಮ್ಮ ಬಯಸಿದ್ದು ಇದನ್ನೇ. ಆದರೆ ಮಗಳ ಹಿಂದೆ ಹಾದುಹೋಗುವಾಗ ಅವಳ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಅಲ್ಲಿ ಕೂತಿರುವುದು ಹುಡುಗಿಯೋ ಹುಡುಗಿಯ ನೆರಳೋ?

"ಏನಾದ್ರೂ ಮಾತಾಡೇ."

"ಏನು ಮಾತಾಡ್ಲಿ?"

"ಬೈಯಿ ಬೇಕಾದ್ರೆ."

"ಯಾಕೆ ಬೈಯ್ಲಿ. ಕ್ಲಾಸು ಸರಿಯಾಗಿ ನಡೀತಿದೆ."

ವಾರ ಕಳೆಯುವಷ್ಟರಲ್ಲಿ ಬಿಳಿಯ ಮೇಲೆ ಮೊದಲು ಇಳಿದ ಭುಜ ಕಂಡಿತು. ಆಮೇಲೆ ತೋಳು. ಆಮೇಲೆ ವಾಲಿದ ತಲೆ. ಉಳಿದ ಮೂವರ ಗುರುತೂ ಇಲ್ಲ, ಇವನೊಬ್ಬನೇ ಬಂದ. ಟೈಲರಮ್ಮ ಇನ್ನೊಂದು ಕೈ ಬಳಿದಳು. ಈ ಸಲ ಇನ್ನೂ ಬೇಗ ಬಂದ. ಚುಕ್ಕಿಗಳು ಹಬ್ಬಿ ಒಂದಕ್ಕೊಂದು ಕೂಡಿಕೊಂಡು ಗೆರೆಯಾಗಿದ್ದವು. ಮೊದಲಿಗಿಂತ ತುಸು ದೊಡ್ಡವನಾಗಿ, ಎರಡು ಹೆಜ್ಜೆ ಹತ್ತಿರ ಬಂದು ನಿಂತ ಹಾಗಿದ್ದ. ಅವಳು ಬ್ರಷ್ಷನ್ನು ನೀರಿಗೆ ಹಾಕಿ ಸುಮ್ಮನಾದಳು.

ತಿಂಗಳ ಕೊನೆಗೆ ಮೇಷ್ಟ್ರು ಪ್ಯಾಂಟು ಒಯ್ಯಲು ಬಂದರು.

"ನಿಮ್ಮ ಮಗಳ ಸೈಟು ಒಂದನೇ ನಂಬರು ಕೆಲಸ, ಟೈಲರಮ್ಮ. ಮೊಬೈಲಲ್ಲೂ ಸರಿ ಕೂರುತ್ತೆ, ಬಟನ್ನು ಅಕ್ಷರ ಎಲ್ಲ ಚೆಂದ. ಆದ್ರೆ ನಟ್ಟನಡುವೆ ದೊಡ್ಡ ಬಾಕ್ಸು ಖಾಲಿ ಬಿಟ್ಟಿದಾಳೆ. ತುಂಬು, ಇಲ್ಲ ತೆಗಿ ಅಂದೆ. ಅಲ್ಲೊಬ್ಬರಿದಾರೆ ಸರ್, ಕಾಣ್ತಿಲ್ಲ ಅಷ್ಟೇ ಅಂತಾಳೆ. ಇದನ್ನ ನಾನು ಆಫೀಸಲ್ಲಿ ಹೇಗೆ ತೋರಿಸ್ಲಿ? ನಾಳಿದ್ದು ಕೊನೇ ದಿನ. ಹೀಗೇ ಕೊಟ್ರೆ ಕುರ್ಚಿ ಬೇರೆಯವರಿಗೆ ಹೋಗುತ್ತೆ. ನೀವೇ ಸ್ವಲ್ಪ ಹೇಳಿ." ಮಾತಾಡುತ್ತ ಅವರ ಕಣ್ಣು ಗೋಡೆಗೆ ಹೋಯಿತು. ಪ್ಯಾಂಟನ್ನು ಹಾಕಿಯೂ ನೋಡದೆ ಮಡಚಿಕೊಂಡು ಹೊರಟರು.

ಟೈಲರಮ್ಮ ಹೋಗಿ ಮಗಳ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಪರದೆಯ ಮೇಲೆ ಅವಳ ಕತ್ತರಿ, ಅವಳ ಟೇಪು, ಅವಳು ಹೊಲಿದ ಕಾಲರು, ಎಲ್ಲವೂ ಇದ್ದವು. ನಡುವೆ ಬೋಳು ಬಾಕ್ಸು. ಬಾಗಿಲಿನ ಚೌಕಟ್ಟಿನ ಹಾಗಿತ್ತು.

"ಹಟ ಯಾಕೇ? ಏನಾದ್ರೂ ಹಾಕಿ ತುಂಬ್ಸು."

"ಅದು ಅಪ್ಪನ ಜಾಗ."

ಎರಡು ವರ್ಷದಲ್ಲಿ ಆ ಮನೆಯಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಒಳಗೆ ಕೆಮ್ಮುತ್ತಿದ್ದ ಅಜ್ಜ ಕೆಮ್ಮು ನಿಲ್ಲಿಸಿ ಹೊರಗೆ ಬಂದ. ಡ್ಯೂಟಿ ಮುಗಿಸಿ ಬಂದ ಚಿಕ್ಕಪ್ಪ ಬಾಗಿಲಲ್ಲೇ ಚಪ್ಪಲಿ ಬಿಡುತ್ತ ನಿಂತ.

ಟೈಲರಮ್ಮ ಕೊನೆಗೂ ಕೇಳಿದಳು. "ಯಾರೂ ನಿಂತಿರಲಿಲ್ಲವಲ್ಲೇ. ಯಾರ ನೆರಳು ಎಳೆದೆ?"

"ನೆರಳಲ್ಲ. ನಿನ್ನ ಕಾಗದ." ಚುಕ್ಕಿ ಬೀರುವಿನ ಹಿಂದಿನಿಂದ ಸುರುಳಿಯೊಂದನ್ನು ಎಳೆದಳು. ಅಂಗಿ ಪ್ಯಾಂಟು ಕತ್ತರಿಸಲು ಗಂಡನ ಅಳತೆಗೆ ಟೈಲರಮ್ಮ ಕತ್ತರಿಸಿಟ್ಟಿದ್ದ ಖಾಕಿ ಕಾಗದಗಳು. ಅಂಗಿಗಳನ್ನೆಲ್ಲ ಕೊಟ್ಟವಳು ಇವನ್ನು ಮಾತ್ರ ಬಿಸಾಡಿರಲಿಲ್ಲ. "ಭುಜ, ತೋಳು, ಕಾಲು, ಎಲ್ಲ ಜೋಡಿಸಿ ಗೋಡೆಗಿಟ್ಟು ಅಂಚಿಗೆ ಚುಚ್ಚಿದೆ. ಇದು ಉಳೀಬೇಕು ಅಂತ ನಿನ್ನ ನೀಲಿನೇ ಹಚ್ಚಿದೆ. ಕಾಲರಿಗೆ ನಿಲ್ಲಿಸಿ ಕ್ಲಾಸಿಗೆ ಹೋದೆ."

"ಕಾಲರಿಗೆ?"

"ಮತ್ತೆ? ತಲೆಗೆ ನಿನ್ನ ಹತ್ರ ಅಳತೆ ಕಾಗದ ಎಲ್ಲಿದೆ? ಸಂಜೆ ಬಂದು ನೋಡಿದ್ರೆ ತಲೆ ಇತ್ತು. ಥೇಟ್ ಅಪ್ಪನ ತಲೆ. ನೀನು ಬಿಡಿಸಿದೀಯ ಅಂತ ಎಷ್ಟು ಖುಷಿಯಾಯ್ತು ಗೊತ್ತಾ? ಮಾತೆತ್ತಿದ್ರೆ ಎಲ್ಲಿ ಅಳಿಸಿಬಿಡ್ತೀಯೋ ಅಂತ ಸುಮ್ನಿದ್ದೆ."

"ನಾನು ಬಿಡಿಸಿಲ್ಲ ಕಣೇ. ನಾನು ಬಂದಾಗ್ಲೇ ಇತ್ತು."

ಚುಕ್ಕಿ ಅಮ್ಮನ ಮುಖ ನೋಡಿದಳು. ಅಲ್ಲಿ ಸುಳ್ಳು ಸಿಗಲಿಲ್ಲ.

"ಅಜ್ಜಾ?"

"ನನ್ನ ಕೈಯಲ್ಲಿ ಚಹಾ ಲೋಟವೇ ನಿಲ್ಲಲ್ಲ ಮಗಾ."

"ಚಿಕ್ಕಪ್ಪಾ?"

"ನಾನು ಬಿಡಿಸಿದ್ರೆ ಆಲೂಗಡ್ಡೆ ಥರ ಇರ್ತಿತ್ತು. ಅವತ್ತು ನಾನು ಡ್ಯೂಟಿ ಮೇಲಿದ್ದೆ." ಅವನು ನಗಲು ನೋಡಿದ, ಆಗಲಿಲ್ಲ.

ಚುಕ್ಕಿ ಕಂಪ್ಯೂಟರಿನಲ್ಲಿ ಹುಡುಕಿ ಫೋಟೋವೊಂದನ್ನು ತೆರೆದಳು. ಅವತ್ತು ಕ್ಲಾಸಿಗೆ ಹೊರಡುವ ಮುಂಚೆ ತೆಗೆದದ್ದು. ಅದರಲ್ಲಿ ಗೋಡೆಯ ಮೇಲೆ ಇದ್ದಿಲಿನ ಅಜ್ಜ, ಅಮ್ಮ, ಚಿಕ್ಕಪ್ಪ, ಪಕ್ಕದಲ್ಲಿ ನೀಲಿಯ ಭುಜ, ನೀಲಿಯ ಕಾಲರು. ಕಾಲರಿನ ಮೇಲೆ ಬರೀ ಗೋಡೆ.

ನಾಲ್ವರೂ ಒಟ್ಟಿಗೆ ತಿರುಗಿ ನೋಡಿದರು. ಸಂಜೆ ಬಿಸಿಲು ಆಗಷ್ಟೇ ಗೋಡೆ ಮುಟ್ಟಿತ್ತು. ತಲೆ ವಾಲಿಸಿಕೊಂಡು ಅವನು ನಿಂತೇ ಇದ್ದ.

ಯಾರೋ ಒಬ್ಬರು ಏನಾದರೂ ಮಾಡಬೇಕಿತ್ತು. ಟೈಲರಮ್ಮ ಎದ್ದಳು. ಕೊರಳಲ್ಲಿ ನೇತಾಡುತ್ತಿದ್ದ ಟೇಪು ತೆಗೆದು ಗೋಡೆಯ ಹತ್ತಿರ ಹೋದಳು. ಅಳತೆ ತೆಗೆಯುವಾಗ ಅವಳ ಕೈ ಎಂದೂ ತಪ್ಪಿದ್ದಲ್ಲ. ಆ ಭುಜದಿಂದ ಈ ಭುಜಕ್ಕೆ ಟೇಪು ಹಿಡಿದಳು. ಸುರುಳಿಯ ಕಾಗದದ ಮೇಲೂ ಹಿಡಿದಳು. ಮತ್ತೆ ಗೋಡೆಗೆ ಹಿಡಿದಳು.

"ಎರಡು ಬೆರಳು ಜಾಸ್ತಿ ಬಂದಿದೆ. ದಪ್ಪ ಆಗಿದಾರೆ."

"ಅಲ್ಲಿ ಊಟ ಚೆನ್ನಾಗಿರಬೇಕು" ಎಂದ ಅಜ್ಜ.

ಮೊದಲು ಚಿಕ್ಕಪ್ಪ ನಕ್ಕ. ಆಮೇಲೆ ಚುಕ್ಕಿ, ನಗುತ್ತಲೇ ಅಳಲು ಶುರುಮಾಡಿದಳು. ಟೈಲರಮ್ಮ ಅಳಲಿಲ್ಲ. "ಸೀಮೆಎಣ್ಣೆ ಹಬ್ಬಿರೋದು ಅದು" ಎಂದು ತನಗೇ ಹೇಳಿಕೊಂಡು ಹೊಸ ಖಾಕಿ ಕಾಗದ ಹಾಸಿದಳು. ಹೇಳಿಕೊಂಡರೂ ಕತ್ತರಿಸಿದ್ದು ಹೊಸ ಅಳತೆಗೇ.

ಮರುದಿನ ಚುಕ್ಕಿ ಗೋಡೆಯ ಫೋಟೋ ತೆಗೆದು ನಡುವಿನ ಬಾಕ್ಸಿಗೆ ಹಾಕಿ ಕೊಟ್ಟಳು. ಮೇಷ್ಟ್ರು ಅದನ್ನು ಬಹಳ ಹೊತ್ತು ನೋಡಿ, ಯಾರಮ್ಮ ಇದು ಎಂದು ಕೇಳಿದರಂತೆ. ನಮ್ಮಪ್ಪ ಎಂದಳಂತೆ. ಕುರ್ಚಿ ಸಿಕ್ಕಿತು.

ಮನೆಗೆ ಹೊಸ ಕಾನೂನೂ ಬಂತು, ಮಾಡಿದವಳು ಟೈಲರಮ್ಮನೇ. ಬಿಸಿಲು ಗೋಡೆ ಮುಟ್ಟುವ ತನಕ ಆಫೀಸು, ಕಂಪ್ಯೂಟರು. ಮುಟ್ಟಿದ ಮೇಲೆ ಹುಡುಗಿಯನ್ನು ಯಾರೂ ಕರೆಯಕೂಡದು. ಚುಕ್ಕಿ ಅಜ್ಜನನ್ನು ಮತ್ತೆ ನಿಲ್ಲಿಸಿದಳು, ಚಿಕ್ಕಪ್ಪನನ್ನು ನಿಲ್ಲಿಸಿದಳು. ಈ ಸಲ ಎಲ್ಲರಿಗೂ ನೀಲಿ. ಅವರೆಲ್ಲ ಅವನ ಅಕ್ಕಪಕ್ಕ ಸೇರಿಕೊಂಡರು. ಚಿಕ್ಕಪ್ಪ ಮತ್ತೆ ಮನೆಯಲ್ಲೇ ಉಣ್ಣತೊಡಗಿದ, ಆದರೆ ಗೋಡೆಗೆ ಮುಖ ಮಾಡಿ ಕೂತು.

ಟೈಲರಮ್ಮ ಗಿರಾಕಿಗಳ ಕೆಲಸದ ನಡುವೆ ಬಿಳಿ ಅಂಗಿಯೊಂದನ್ನು ಹೊಲಿದು ಮುಗಿಸಿದಳು. ಯಾರಿಗೆಂದು ಯಾರೂ ಕೇಳಲಿಲ್ಲ. ಅದನ್ನು ಗೋಡೆಯ ಮೊಳೆಗೆ, ಅವನ ಭುಜದ ಮಟ್ಟಕ್ಕೆ ತಗುಲಿಸಿ ದೂರ ನಿಂತು ನೋಡಿದಳು. ಮೇಲೆ ತಲೆ ವಾಲಿಯೇ ಇತ್ತು.

"ಏನು, ಮನಸ್ಸಿಗೆ ಬರಲಿಲ್ವಾ?" ಎಂದಳು ಸಿಡುಕಿನಿಂದ.

ಹತ್ತಿರ ಹೋಗಿ ನೋಡಿದರೆ ಎರಡೂ ಭುಜ ಒಂದೇ ಸಮ ಹೊಲಿದಿದ್ದಳು. ಎರಡು ವರ್ಷದಲ್ಲಿ ಕೈ ಮರೆತಿತ್ತು. ಅಂಗಿ ಇಳಿಸಿ, ಬಲಭುಜದ ಹೊಲಿಗೆ ಬಿಚ್ಚಿ, ಅರ್ಧ ಬೆರಳು ಇಳಿಸಿ ಮತ್ತೆ ಹೊಲಿದು ಅಲ್ಲೇ ತಗುಲಿಸಿ, ಅಡಿಗೆಗೆ ಹೋದಳು.

ತಟ್ಟೆ ಹಾಕುವ ಹೊತ್ತಿಗೆ ಚುಕ್ಕಿ ಕಂಪ್ಯೂಟರಿನ ಮುಂದೆ ನಿಂತು ಒಮ್ಮೆ ಪರದೆ, ಒಮ್ಮೆ ಗೋಡೆ ನೋಡುತ್ತಿದ್ದಳು.

"ಅಮ್ಮಾ, ಇಲ್ಲಿ ಬಾ. ಫೋಟೋದಲ್ಲಿ ಅಪ್ಪನ ತಲೆ ವಾಲಿದೆ."

ಟೈಲರಮ್ಮ ಸೌಟು ಹಿಡಿದೇ ಬಂದು ಗೋಡೆ ನೋಡಿದಳು. ಅಲ್ಲಿ ತಲೆ ನೆಟ್ಟಗಿತ್ತು.

"ಹೂಂ" ಎಂದಳು. "ಊಟಕ್ಕೆ ಬಾ, ಅನ್ನ ಆರುತ್ತೆ."